ಕೂರ್ಮಗಡದ ಕಸ ಹೊತ್ತವರಿಗೆ ಶರಣು

ಈ ಹಂಗಾಮಿನ ಕೊನೆಯ ಕಸದ ಚೀಲಗಳು ಕೂರ್ಮಗಡ ದ್ವೀಪದಿಂದ ಕಾರವಾರದ ದಡ ಸೇರಿವೆ. ಇನ್ನು ಮಳೆಗಾಲ. ಸಮುದ್ರ ಏಳುತ್ತದೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳು ಮೀನಿಗೆ ಹೋಗುವ ಹಾಗೂ ಇಲ್ಲ. ಅಷ್ಟರೊಳಗೆ ದ್ವೀಪದ ಮರಳದಂಡೆಯನ್ನು ಒಂದು ಸಲ ಪೂರ್ತಿ ಹಸನು ಮಾಡಬೇಕು ಅಂತ ಹುಬ್ಬಳ್ಳಿ-ಧಾರವಾಡದ ನಾವು ಕೆಲವರು ಹಟ ಹಿಡಿದಿದ್ದೆವು. ಮುಗಿಯಿತು. ನಮ್ಮಷ್ಟಕ್ಕೇ ಬಿಟ್ಟಿದ್ದರೆ ಮುಗಿಯುತ್ತಿರಲಿಲ್ಲ, ಅದಕ್ಕೇ ಈ ಬರಹ.

ಮೊದಲ ಶರಣು ದೋಣಿ ನಡೆಸುವ ತಂಡೇಲರಿಗೆ. ದ್ವೀಪದಲ್ಲಿ ಕಸ ಆರಿಸುವುದು ಸುಲಭ, ಅಲ್ಲಿಂದ ದಾಟಿಸುವುದೇ ದೊಡ್ಡ ಕೆಲಸ. ರಸ್ತೆ ಇಲ್ಲ, ಟ್ರ್ಯಾಕ್ಟರ್ ಬರುವುದಿಲ್ಲ. ಸೊಂಟದಷ್ಟು ನೀರಿನಲ್ಲಿ ಸಾಲಾಗಿ ನಿಂತು, ಒಂದೊಂದೇ ಚೀಲವನ್ನು ಕೈಯಿಂದ ಕೈಗೆ ದಾಟಿಸಿ ದೋಣಿಗೆ ಏರಿಸಬೇಕು. ಅಲೆ ಬಂದಾಗ ನಿಲ್ಲಬೇಕು, ಸರಿದಾಗ ಎತ್ತಬೇಕು. ಬಯಲುಸೀಮೆಯ ನಮಗೆ ಈ ಲೆಕ್ಕ ಎಲ್ಲಿಂದ ಬರಬೇಕು? ತಂಡೇಲರು ಚುಕ್ಕಾಣಿ ಬಿಡದೆ "ತಡೀರಿ, ತಡೀರಿ... ಹಾಂ, ಈಗ!" ಅಂತ ಕೂಗುತ್ತಲೇ ಇದ್ದರು. ಮೀನಿನ ದುಡಿಮೆ ಬಿಟ್ಟು ಬಂದವರು ಡೀಸೆಲ್ ಖರ್ಚು ಬಿಟ್ಟು ಒಂದು ರೂಪಾಯಿ ಮುಟ್ಟಲಿಲ್ಲ.

ಹೂತ ಬಲೆ ತೆಗೆಯುವುದನ್ನು ಕಲಿಸಿದವರೂ ಅವರೇ. ಮರಳಿನ ಮೇಲೆ ಹಸಿರು ನೈಲಾನಿನ ತುದಿ ಮಾತ್ರ ಕಾಣುತ್ತದೆ. ಅದನ್ನು ಎಳೆಯಬಾರದು, ಎಳೆದಷ್ಟೂ ಬಿಗಿಯುತ್ತದೆ. ಸುತ್ತ ಮರಳು ತೋಡಿ, ತುಂಡು ತುಂಡಾಗಿ ಕೊಯ್ಯಬೇಕು. ಒಂದು ಕಡೆ ತೋಡುತ್ತಾ ಹೋದಂತೆ ಬಲೆಯೊಳಗೆ ಇನ್ನೊಂದು ಬಲೆ, ಅದರೊಳಗೆ ಹಗ್ಗ, ಥರ್ಮಾಕೋಲ್ ಚೂರು, ಒಂಟಿ ಚಪ್ಪಲಿ, ಬಲೆಯ ಕಣ್ಣುಗಳಲ್ಲಿ ಸಿಕ್ಕಿ ಒಣಗಿದ ಏಡಿಗಳು. ಒಂದಕ್ಕೆ ಇನ್ನೂ ಜೀವ ಇತ್ತು. ನಮ್ಮ ಜೊತೆ ಬಂದಿದ್ದ ಕಾಲೇಜು ಹುಡುಗಿಯೊಬ್ಬಳು ನೇಲ್ ಕಟರ್ ಹಿಡಿದು ಕೂತು, ಅದರ ಕಾಲಿಗೆ ಸುತ್ತಿದ ಎಳೆಗಳನ್ನು ಒಂದೊಂದಾಗಿ ಕತ್ತರಿಸಿ ಬಿಟ್ಟಳು. ಸಮುದ್ರದಲ್ಲಿ ಕಳೆದುಹೋದ ಬಲೆ ಹೀಗೇ, ಎಳೆಯುವವರು ಇಲ್ಲದಿದ್ದರೂ ಹಿಡಿಯುತ್ತಲೇ ಇರುತ್ತದೆ. ಕಡಲಾಮೆ ಸಿಕ್ಕಿಕೊಂಡರೆ ಉಸಿರಿಗೆ ಮೇಲೆ ಬರಲಾಗದೆ ಸಾಯುತ್ತದೆ. ಕಾರವಾರದ ದಂಡೆಗಳಿಗೆ ಆಲಿವ್ ರಿಡ್ಲೆ ಆಮೆಗಳು ಮೊಟ್ಟೆ ಇಡಲು ಬರುತ್ತವೆ. ಆ ಬಲೆ ಮತ್ತೆ ನೀರಿಗೆ ಹೋಗದಂತೆ ಆಯಿತಲ್ಲ, ಅದೊಂದೇ ಸಾಕು ಅನಿಸಿತು ನನಗೆ.

ಪ್ಲಾಸ್ಟಿಕ್ ಆರಿಸಲು ಮತ್ತೆ ಪ್ಲಾಸ್ಟಿಕ್ ಚೀಲ ಬೇಡ ಅಂದದ್ದಕ್ಕೆ ಬ್ಯಾಡಗಿ ಮಾರುಕಟ್ಟೆಯ ಅಂಗಡಿಯವರು ಮೆಣಸಿನಕಾಯಿಯ ಹಳೆ ಗೋಣಿಚೀಲಗಳನ್ನು ಕಟ್ಟುಗಟ್ಟಲೆ ಕೊಟ್ಟರು. ಬಸ್ಸು ಯಲ್ಲಾಪುರ ದಾಟುವವರೆಗೂ ಎಲ್ಲರಿಗೂ ಸೀನು! ಆದರೆ ಈ ಕೆಲಸಕ್ಕೆ ಗೋಣಿಯಂಥದ್ದು ಬೇರೆ ಇಲ್ಲ. ಎತ್ತಿದ ಕೂಡಲೇ ನೀರು ಸೋರಿಹೋಗುತ್ತದೆ, ಹೊರುವವರಿಗೆ ಅಷ್ಟು ಭಾರ ಕಡಿಮೆ. ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಎಣ್ಣೆಗಾಯಿ ಕಟ್ಟಿಕೊಟ್ಟ ನಮ್ಮ ಓಣಿಯ ಅಕ್ಕಂದಿರಿಗೂ ಶರಣು. ಎಲ್ಲ ಬಟ್ಟೆಯಲ್ಲಿ, ಸ್ಟೀಲ್ ಡಬ್ಬಿಯಲ್ಲಿ. ಒಂದು ಕ್ಯಾರಿಬ್ಯಾಗ್ ಇರಲಿಲ್ಲ.

ಎಲ್ಲರಿಗಿಂತ ಜಾಸ್ತಿ ಋಣ ದಡದಲ್ಲಿ ಕಸ ಬೇರ್ಪಡಿಸಿದ ಕಾರವಾರದ ಹೆಣ್ಣುಮಕ್ಕಳದು. ಬಾಟಲಿ ಗುಜರಿಗೆ ಹೋಗುತ್ತದೆ. ಚಿಪ್ಸ್, ಗುಟ್ಕಾ ಪೊಟ್ಟಣಗಳಲ್ಲಿ ಬೇರೆ ಬೇರೆ ಪದರ ಅಂಟಿರುವುದರಿಂದ ಗುಜರಿಯವರು ಮುಟ್ಟುವುದಿಲ್ಲ; ಅವು ಸಿಮೆಂಟ್ ಕಾರ್ಖಾನೆಯ ಕುಲುಮೆಗೆ ಉರುವಲಾಗಬೇಕು. ಅದಕ್ಕೂ ಉಪ್ಪು, ಮರಳು ಇರಬಾರದು. ಇವರು ಬಿಸಿಲಿನಲ್ಲಿ ಕೂತು ತೊಳೆದು, ಒಣಗಿಸಿ, ವಿಂಗಡಿಸಿದರು. ಫೋಟೋದಲ್ಲಿ ನಾವೇ ಇದ್ದೇವೆ, ಇವರು ಒಬ್ಬರೂ ಇಲ್ಲ. ಅದು ನನಗೆ ಸರಿ ಕಾಣುವುದಿಲ್ಲ.

"ಮಳಿ ಮುಗಿಯೂದ್ರಾಗ ಮತ್ತ ಬಂದು ಬೀಳ್ತದ, ಯಾಕ ಸುಮ್ನ?" ಅಂತ ಕೇಳಿದವರಿದ್ದಾರೆ. ಬೀಳುತ್ತದೆ, ನಿಜ. ಆದರೆ ಬಿಸಿಲಿಗೆ ಪ್ಲಾಸ್ಟಿಕ್ ಚೂರಾಗುತ್ತಾ ಹೋಗುತ್ತದೆ. ಇವತ್ತು ಬಾಟಲಿಯಾಗಿ ಕೈಗೆ ಸಿಗುವುದು ಮುಂದೆ ಪುಡಿಯಾಗಿ ಮರಳಿನಲ್ಲಿ ಬೆರೆತರೆ ಯಾರಿಂದಲೂ ಆರಿಸಲು ಆಗದು. ಇನ್ನು ಹುಬ್ಬಳ್ಳಿಯವರಿಗೆ ಸಮುದ್ರದ ಉಸಾಬರಿ ಯಾಕೆ ಅನ್ನುವವರಿಗೆ: ಧಾರವಾಡದ ಸೋಮೇಶ್ವರ ಗುಡಿಯ ಹತ್ತಿರ ಹುಟ್ಟುವ ಶಾಲ್ಮಲಾ ಕಲಘಟಗಿ ಕಡೆ ಬೇಡ್ತಿಯನ್ನು ಕೂಡಿ, ಮಾಗೋಡಿನಲ್ಲಿ ಧುಮುಕಿ, ಗಂಗಾವಳಿಯಾಗಿ ಅರಬ್ಬಿ ಸಮುದ್ರ ಸೇರುತ್ತದೆ. ಈಚೆ ಬೆಣ್ಣಿಹಳ್ಳ ಮಲಪ್ರಭೆಗೆ, ಅಲ್ಲಿಂದ ಕೃಷ್ಣೆಗೆ, ಕೊನೆಗೆ ಬಂಗಾಳ ಕೊಲ್ಲಿಗೆ. ನಮ್ಮ ಗಟಾರದ ಕಸಕ್ಕೆ ಎರಡೂ ಸಮುದ್ರದ ದಾರಿ ಗೊತ್ತು.

ಇದನ್ನು ತಂಡೇಲರಿಗೆ ಹೇಳಿದಾಗ "ಹಾಗಾದ್ರೆ ಮಳೆಗಾಲಕ್ಕೆ ದೋಣಿ ದಡಕ್ಕೆ ಎಳೆದ ಮೇಲೆ ನಾವೂ ಬರ್ತೇವೆ, ನಿಮ್ಮ ಹೊಳೆ ತೋರಿಸಿ" ಅಂದರು. ಜೂನಿನಲ್ಲಿ ಬರುತ್ತಿದ್ದಾರೆ. ಶಾಲ್ಮಲೆಯ ದಂಡೆಯಲ್ಲಿ ಅವರ ಜೊತೆ ಕೆಲಸ ಮಾಡಲು ನೀವೂ ಬನ್ನಿ. ಕೈಗವಸು ತನ್ನಿ, ಊಟ ನಮ್ಮದು.