ಪಿಗ್ಮಿ ಅಕ್ಕನಿಗೆ, ಮತ್ತು ಉಳಿದ ಎಲ್ಲರಿಗೂ

ನಮ್ಮ ಬುಟ್ಟಿ ಘಟಕದ ಮುದ್ರಾ ಸಾಲ ಈ ವಾರ ಪೂರ್ತಿ ತೀರಿತು. ಬೇಬಾಕಿ ಪತ್ರವೂ ಕೈಗೆ ಬಂದಿದೆ. ನಮ್ಮಲ್ಲಿ ಎಲ್ಲರಿಗಿಂತ ಹಿರಿಯರಾದ ದೊಡ್ಡಮ್ಮ ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, "ಇಷ್ಟು ಸಣ್ಣ ಕಾಗದಕ್ಕೆ ಇಷ್ಟು ವರ್ಷ ಬೇಕಾಯಿತೇ?" ಎಂದು ಕೇಳಿದರು. ಅವರಿಗೆ ಏನೋ ಹೇಳಿ ನಕ್ಕುಬಿಟ್ಟೆ. ಉಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಕೃತಜ್ಞತೆ ಹೇಳಬೇಕಾದವರು ಬಹಳ ಮಂದಿ ಇದ್ದಾರೆ. ಅದನ್ನು ಎಲ್ಲರಿಗೂ ಸಮನಾಗಿ ಹಂಚಲು ನನ್ನಿಂದಾಗದು, ಬೇಸರಿಸಬೇಡಿ.

ಕೊರೋನಾ ಕಾಲದ ಪಾಡು, ನೆರೆ ಬಂದು ಹೋದದ್ದು, ಎಲ್ಲ ನಿಮ್ಮಲ್ಲಿ ಹೆಚ್ಚಿನವರಿಗೆ ಗೊತ್ತು. ಗೊತ್ತಿಲ್ಲದವರಿಗಾಗಿ ಇಷ್ಟು: ನಾವು ಸ್ವರ್ಣಾ ನದಿಯ ಬದಿಯಲ್ಲಿ, ಉಡುಪಿಗೆ ಹತ್ತಿರದ ಒಂದು ಕಾಲನಿಯ ಕೊರಗ ಬುಡಕಟ್ಟಿನ ಹೆಂಗಸರು. ಕಾಡಿನಿಂದ ಬೂರು, ಅಂದರೆ ಕಾಡುಬಳ್ಳಿ, ತಂದು, ಬೇಯಿಸಿ, ಸಿಪ್ಪೆ ಸುಲಿದು ಬುಟ್ಟಿ, ಕುರ್ವೆ, ತಡ್ಪೆ ಹೆಣೆಯುವುದು ನಮಗೆ ಯಾರೂ ಶಿಬಿರ ನಡೆಸಿ ಕಲಿಸಿದ್ದಲ್ಲ. ಬೆಲೆ ಹೇಳುವುದನ್ನು ಮಾತ್ರ ಹೊಸದಾಗಿ ಕಲಿಯಬೇಕಾಯಿತು. ನನ್ನ ಅಜ್ಜಿ ಹೆಣೆದ ಬುಟ್ಟಿಯನ್ನು ಅಂಗಳದ ಆಚೆ ಇಟ್ಟು ದೂರ ನಿಲ್ಲುತ್ತಿದ್ದರು. ಮನೆಯವರಿಗೆ ಮನಸ್ಸು ಬಂದಷ್ಟು ಅಕ್ಕಿ, ಇಲ್ಲವೇ ಮಿಕ್ಕಿದ ಅನ್ನ. "ಇಷ್ಟು ಕೊಡಿ" ಎಂದು ಬಾಯಿ ಬಿಟ್ಟು ಕೇಳಿದ್ದು ಅವರ ಜೀವಮಾನದಲ್ಲಿ ಇಲ್ಲ. ಕೂದಲು, ಉಗುರು ಬೆರೆಸಿದ ಅನ್ನವನ್ನು ನಮ್ಮವರಿಗೆ ತಿನ್ನಿಸುತ್ತಿದ್ದ ಅಜಲು ಪದ್ಧತಿಯನ್ನು ಕಾನೂನು ನಿಷೇಧಿಸಿದ್ದು 2000ದಲ್ಲಿ. ಆಗ ನಾನು ಶಾಲೆಗೆ ಹೋಗುತ್ತಿದ್ದೆ. ಹಳೆಯ ಕಾಲದ ಮಾತು ಎಂದು ಯಾರಾದರೂ ಅಂದರೆ ನನಗೆ ಸಿಟ್ಟು ಬರುವುದು ಇದಕ್ಕೇ.

ಮುದ್ರಾ ಯೋಜನೆಯಲ್ಲಿ ಅಡಮಾನ ಕೇಳುವಂತಿಲ್ಲ. ನಾವು ಅರ್ಜಿ ಹಾಕಿದ್ದು ಅದರ ಕಿಶೋರ ವರ್ಗದಲ್ಲಿ, ಅಂದರೆ 50 ಸಾವಿರದಿಂದ 5 ಲಕ್ಷದೊಳಗಿನ ಸಾಲಕ್ಕೆ. ಆದರೂ ಮೊದಲು ಹೋದ ಶಾಖೆಯಲ್ಲಿ ಜಾಗದ ಪತ್ರ ತನ್ನಿ, ಜಾಮೀನುದಾರರನ್ನು ಕರೆದುಕೊಂಡು ಬನ್ನಿ ಎಂದರು. "ಬುಟ್ಟಿಗೆಲ್ಲ ಸಾಲವೇ?" ಎಂದು ಒಬ್ಬರು ನಕ್ಕದ್ದು ಇನ್ನೂ ಕಿವಿಯಲ್ಲಿದೆ. ಇನ್ನೊಂದು ಶಾಖೆಯ ಅಧಿಕಾರಿ ಮೇಡಂ ನಗಲಿಲ್ಲ. ಲೆಕ್ಕದ ಹಾಳೆಯನ್ನು ತಿದ್ದಿಸಿ ಮತ್ತೆ ಬರೆಸಿದರು, ಮಂಜೂರು ಮಾಡಿದರು. ಅವರಿಗೆ ಮೊದಲ ನಮಸ್ಕಾರ.

ಸ್ವ ಉದ್ಯೋಗದ ತರಬೇತಿ ಕೊಡುವ ಉಜಿರೆಯ ರುಡ್‌ಸೆಟ್ ಸಂಸ್ಥೆಯಲ್ಲಿ ನಮ್ಮ ಹುಡುಗಿಯರಿಗೆ ಜಮಾ ಖರ್ಚು ಬರೆಯಲು ಕಲಿಸಿದವರು, ನೆರೆ ಇಳಿದ ಮೇಲೆ ಸನಿಕೆ ಹಿಡಿದು ಕೆಸರು ಎತ್ತಿದ ಎನ್‌ಎಸ್‌ಎಸ್ ಮಕ್ಕಳು, ರಥಬೀದಿಯ ತಮ್ಮ ಅಂಗಡಿಯ ಎದುರಿನ ಸಾಲಿನಲ್ಲೇ ನಮ್ಮ ಬುಟ್ಟಿ ತೂಗುಹಾಕಿದ ಅಣ್ಣ, ಮಲ್ಲಿಗೆ ಹೂವಿನ ಕಟ್ಟು, ಅಂದರೆ ಅಟ್ಟೆ, ಇಡಲು ನಮ್ಮದೇ ಬುಟ್ಟಿ ಬೇಕು ಎನ್ನುವ ಶಂಕರಪುರದ ಅಮ್ಮಂದಿರು, ಸಾಮಾನು ಹೊತ್ತು ತಂದು ಬಾಡಿಗೆಯನ್ನು ತಿಂಗಳ ಕೊನೆಗೆ ಪಡೆದ ಆಟೋದವರು, ಇವರೆಲ್ಲರಿಗೂ ಕೈಮುಗಿಯುತ್ತೇನೆ.

ಇನ್ನು ಪಿಗ್ಮಿ ಅಕ್ಕ.

ಅವರು ಒಂದು ಸಹಕಾರಿ ಸಂಘದ ಪಿಗ್ಮಿ ಸಂಗ್ರಾಹಕಿ. ದಿನಕ್ಕೆ ಎರಡಾಣೆಯನ್ನೂ ಮನೆಬಾಗಿಲಿಗೆ ಬಂದು ಪಡೆಯುವ ಈ ಠೇವಣಿಯನ್ನು 1928ರಲ್ಲಿ ಶುರು ಮಾಡಿದ್ದು ಉಡುಪಿಯಲ್ಲೇ ಹುಟ್ಟಿದ ಸಿಂಡಿಕೇಟ್ ಬ್ಯಾಂಕ್. ಈಗ ಸಂಘ ಸಂಸ್ಥೆಗಳೆಲ್ಲ ಅದನ್ನೇ ನಡೆಸುತ್ತವೆ. ಆದರೆ ಆ ಬಾಗಿಲುಗಳ ಲೆಕ್ಕದಲ್ಲಿ ನಮ್ಮ ಬಾಗಿಲು ಬಹಳ ಕಾಲ ಇರಲಿಲ್ಲ. ಸಂಗ್ರಹಕ್ಕೆ ಬಂದವರು ರಸ್ತೆ ತಿರುವಿನ ಅಂಗಡಿಯವರೆಗೆ ಬಂದು ವಾಪಸು ಹೋಗುತ್ತಿದ್ದರು. ಅಕ್ಕ ಒಳಗೆ ಬಂದರು. ನೆಲದ ಮೇಲೆ ಹರಡಿದ ಬೂರನ್ನು ಸರಿಸಿ ಕುಳಿತು, ಹತ್ತು ರೂಪಾಯಿಗೂ ರಸೀದಿ ಹರಿದುಕೊಟ್ಟರು. ಕೊಡಲು ಏನೂ ಇಲ್ಲದ ದಿನ "ಇಲ್ಲ ಎಂದರೆ ಇಲ್ಲ, ನಾಳೆ ಬರುತ್ತೇನೆ" ಎಂದು ಎದ್ದು ಹೋದರು, ಮುಖ ಸಣ್ಣದು ಮಾಡಲಿಲ್ಲ. ಬ್ಯಾಂಕಿನ ಮೇಡಂ ನಮ್ಮನ್ನು ನಂಬಿದ್ದು ಯಾವ ಯೋಜನಾ ವರದಿಯಿಂದಲೂ ಅಲ್ಲ, ಅಕ್ಕನ ಕೈಬರಹ ತುಂಬಿದ ಆ ಪಿಗ್ಮಿ ಪುಸ್ತಕಗಳಿಂದ. ಅವರ ಜಾತಿ ಯಾವುದೆಂದು ಕೇಳಿದವರಿದ್ದಾರೆ. ನಾನು ಹೇಳುವುದಿಲ್ಲ.

2020ರ ಸೆಪ್ಟೆಂಬರ್ 19, ಶನಿವಾರ. ಕೊರೋನಾಕ್ಕೆಂದು ರಿಸರ್ವ್ ಬ್ಯಾಂಕು ಕೊಟ್ಟಿದ್ದ, ಸಾಲದ ಕಂತು ಮುಂದೂಡುವ ಅವಕಾಶ ಆಗಸ್ಟ್ 31ಕ್ಕೇ ಮುಗಿದಿತ್ತು. ಶೆಡ್ಡಿನಲ್ಲಿ ದೀಪಾವಳಿಗೆಂದು ಬೆಂಗಳೂರಿಗೆ ಹೋಗಬೇಕಾದ ಬುಟ್ಟಿಗಳು, ಸುಲಿದು ಸುತ್ತಿಟ್ಟ ಬೂರಿನ ಕಟ್ಟುಗಳು. ಸಂಜೆ ಸಂಗ್ರಹಕ್ಕೆ ಬಂದ ಅಕ್ಕ ಮಳೆಯಿಂದಾಗಿ ಮನೆಗೆ ಹೋಗಲಾಗದೆ ಉಳಿದೆ ಎಂದೇ ಈಗಲೂ ಹೇಳುತ್ತಾರೆ. ನಾನು ನಂಬುವುದಿಲ್ಲ, ಎಂಟು ಗಂಟೆಯವರೆಗೂ ಆಟೋ ಸಿಗುತ್ತಿತ್ತು. ನಡುರಾತ್ರಿಯ ಹೊತ್ತಿಗೆ ನದಿ ಅಂಗಳ ದಾಟಿತು. ಮಕ್ಕಳನ್ನು, ಅಜ್ಜಿಯಂದಿರನ್ನು ಎತ್ತರದಲ್ಲಿರುವ ಶಾಲೆಗೆ ದಾಟಿಸಿ, ಕೈಗೆ ಸಿಕ್ಕಿದ ಕಟ್ಟುಗಳನ್ನು ತಲೆಯ ಮೇಲೆ ಹೊತ್ತು ನಾವೂ ಹತ್ತಿದೆವು. ಅಕ್ಕ ಸೀರೆಯನ್ನು ಮೊಣಕಾಲಿಗೆ ಎತ್ತಿ ಕಟ್ಟಿಕೊಂಡು ಎಲ್ಲರಿಗಿಂತ ಹಿಂದೆ ಬರುತ್ತಿದ್ದರು. ಟಾರ್ಚ್ ಬೆಳಕಿನಲ್ಲಿ ತಿರುಗಿ ನೋಡಿದರೆ ಶೆಡ್ಡಿನ ಬಾಗಿಲಿನಿಂದ ಬುಟ್ಟಿಗಳು ಒಂದೊಂದಾಗಿ ತೇಲುತ್ತಾ ಹೊರಗೆ ಬರುತ್ತಿದ್ದವು. ಬೂರಿನ ಬುಟ್ಟಿ ಬೇಗ ಮುಳುಗುವುದಿಲ್ಲ. ಅಷ್ಟು ಚೆನ್ನಾಗಿ ಹೆಣೆದದ್ದಕ್ಕೆ ಆ ಹೊತ್ತಿನಲ್ಲಿ ನನಗೆ ನಮ್ಮ ಕೈಗಳ ಮೇಲೆಯೇ ಕೋಪ ಬಂತು.

ಶಾಲೆಯ ಜಗಲಿಯಲ್ಲಿ ಒದ್ದೆ ಬಟ್ಟೆಯಲ್ಲೇ ಕುಳಿತಿದ್ದೆವು. ನಾನು ಹೇಳಿದೆ, ಸಾಕು, ನಾಳೆಯೇ ಮುಚ್ಚಿಬಿಡೋಣ ಎಂದು. ಅಜ್ಜಿ ಅನ್ನವನ್ನಾದರೂ ಮನೆಗೆ ತರುತ್ತಿದ್ದರು, ನಾನು ತಂದದ್ದು ಸಾಲ ಮಾತ್ರ ಎಂದೆ. ಇನ್ನೂ ಏನೇನೋ ಅಂದೆ. ಅದನ್ನು ಇಲ್ಲಿ ಬರೆಯಲಾರೆ, ಅಲ್ಲಿದ್ದವರಿಗೆ ನೆನಪಿದೆ.

ಎಲ್ಲ ಸರಿಹೋಗುತ್ತದೆ ಎಂದು ಅಕ್ಕ ಹೇಳಲಿಲ್ಲ. ಬ್ಲೌಸಿನೊಳಗಿಂದ ಪ್ಲಾಸ್ಟಿಕ್ ಚೀಲ ತೆಗೆದು, ಅದರೊಳಗಿನ ಪುಸ್ತಕದ ಖಾಲಿ ಪುಟ ಬಿಡಿಸಿ, ಮೊಬೈಲಿನ ಬೆಳಕು ಹಿಡಿಯಲು ನನ್ನ ಕೈಗೇ ಕೊಟ್ಟರು. "ಒಂದು ಬುಟ್ಟಿಗೆ ಏನೇನು ಬೀಳುತ್ತದೆ, ಹೇಳು." ತೇಲಿ ಹೋದ ಬುಟ್ಟಿಯ ಲೆಕ್ಕ ಯಾಕೆ ಎಂದು ರೇಗಿದೆ. "ನಷ್ಟ ಎಷ್ಟೆಂದು ಗೊತ್ತಿಲ್ಲದೆ ಬಾಗಿಲು ಹಾಕುವುದು ಹೇಗೆ, ಮಾರಾಯ್ತಿ?"

ಹೇಳಿದೆವು. ಬೇಯಿಸುವ ಸೌದೆ. ಸುಲಿಯಲು ಅರ್ಧ ದಿನ. ಹೆಣೆಯಲು ಒಂದು ದಿನ, ಬುಟ್ಟಿಯ ಅಡಿ ಹಾಕುವವರು ಬೇರೆಯಾದರೆ ಇನ್ನಷ್ಟು. ಅಕ್ಕ ಬರೆದುಕೊಂಡು ಹೋದರು. ಕೊನೆಗೆ ಪೆನ್ನು ನಿಲ್ಲಿಸಿ ಕೇಳಿದರು, "ಬೂರು ತರಲು ಕಾಡಿಗೆ ಹೋದ ದಿನದ ಕೂಲಿ ಎಲ್ಲಿದೆ?"

ಯಾರೂ ಮಾತಾಡಲಿಲ್ಲ. ದೊಡ್ಡಮ್ಮ ನಕ್ಕರು. "ಕಾಡಿಗೆ ಹೋದದ್ದಕ್ಕೆ ದುಡ್ಡು ಕೊಡುವವರು ಯಾರು?"

"ಕೊಳ್ಳುವವರು," ಎಂದರು ಅಕ್ಕ.

ಕಾಡಿನ ಆ ದಿನವನ್ನು ಕೊಳ್ಳುವವರೂ ಲೆಕ್ಕಕ್ಕೆ ಹಿಡಿದಿರಲಿಲ್ಲ, ಮಾರಲು ತೆಗೆದುಕೊಂಡು ಹೋದವರೂ ಹಿಡಿದಿರಲಿಲ್ಲ. ಬೂರು ಕಾಡಿನಲ್ಲಿ ಪುಕ್ಕಟೆ ಬೆಳೆಯುತ್ತದೆ, ಹಾಗಾಗಿ ಅದನ್ನು ಹುಡುಕಿ, ಎಳೆದು, ಹೊತ್ತು ತರುವ ಹೆಂಗಸೂ ಪುಕ್ಕಟೆ. ಬೆಳಗಾಗುವವರೆಗೆ ಆ ಒಂದು ಪುಟದ ಮೇಲೆ ನಾವು ಜಗಳ ಮಾಡಿದೆವು, ಕೂಲಿ ಎಷ್ಟು ಹಾಕುವುದು, ನಡೆದ ದೂರವನ್ನು ಸೇರಿಸುವುದೇ ಬಿಡುವುದೇ ಎಂದು. ಕೆಳಗೆ ನೀರು ಇನ್ನೂ ಇಳಿದಿರಲಿಲ್ಲ. ಬಾಗಿಲು ಹಾಕುವ ಮಾತನ್ನು ಯಾರೂ ಮತ್ತೆ ಎತ್ತಲಿಲ್ಲ.

ಮರುದಿನ ಇನ್ನೊಂದು ಗಡಿಬಿಡಿ. ಒದ್ದೆಯಾದ ಬೂರನ್ನು ಹೊಗೆಗೆ ಹಿಡಿಯದಿದ್ದರೆ ಬೂಸ್ಟು ಹಿಡಿದು ಕಪ್ಪಾಗುತ್ತದೆ, ನಮ್ಮ ಒಲೆಗಳೆಲ್ಲ ನೀರಿನೊಳಗೆ. ಅಕ್ಕ ಮೇಲಿನ ಕೇರಿಯ ಮನೆಮನೆಗೆ ಹೋಗಿ, "ಬಚ್ಚಲಿನ ಒಲೆ ಎರಡು ದಿನಕ್ಕೆ ಬೇಕು, ಬಾಡಿಗೆ ಎಷ್ಟು?" ಎಂದು ಕೇಳಿದರು. ದಯವಿಟ್ಟು ಎನ್ನಲಿಲ್ಲ, ಪಾಪದವರು ಎನ್ನಲಿಲ್ಲ. ಕೊಟ್ಟವರಿದ್ದಾರೆ, ಬಾಡಿಗೆಯನ್ನು ಬೇಡ ಎಂದವರೂ ಇದ್ದಾರೆ, ಅವರಿಗೆ ಇವತ್ತು ಮತ್ತೊಮ್ಮೆ ವಂದನೆ. ಕೊಡದವರ ಹೆಸರು ಅಕ್ಕನ ಪುಸ್ತಕದಲ್ಲಿ ಇಲ್ಲ. ನನ್ನ ತಲೆಯಲ್ಲಿ ಇದೆ.

ಇಷ್ಟು ಬರೆದ ಮೇಲೆ ಒಂದು ಮಾತು ಹೇಳದೆ ಇರಲಾರೆ. ನಮ್ಮಂಥ ಹೆಂಗಸರಿಗೆ ಉದ್ಯಮ ಕಲಿಸಲು ಬಂದವರು ಕಡಿಮೆಯೇನಲ್ಲ. ಮೇಣದ ಬತ್ತಿ ಕಲಿಸಿದರು, ಫಿನಾಯಿಲ್ ಕಲಿಸಿದರು, ಉಪ್ಪಿನಕಾಯಿ ಕಲಿಸಿದರು. ಸರ್ಟಿಫಿಕೇಟ್ ಕೊಟ್ಟು ಫೋಟೋ ತೆಗೆದರು. ನಿಮಗೆ ಏನು ಬರುತ್ತದೆ ಎಂದು ಕೇಳಿದವರು ಕಡಿಮೆ. ಬಂದದ್ದಕ್ಕೆ ಎಷ್ಟು ಸಿಗಬೇಕು ಎಂದು ಕೇಳಿದವರು ಇನ್ನೂ ಕಡಿಮೆ. ಬಂದವರೆಲ್ಲರ ಮನಸ್ಸು ಒಳ್ಳೆಯದೇ ಇತ್ತು, ಅದರಲ್ಲಿ ಅನುಮಾನವಿಲ್ಲ. ಆದರೆ ಒಳ್ಳೆಯ ಮನಸ್ಸಿನವರ ಮುಂದೆ ದರ ಹೇಳಲು ನಾಲಿಗೆ ಏಳುವುದಿಲ್ಲ, ಅದೇ ಕಷ್ಟ. ಅಕ್ಕನ ಮುಂದೆ ಏಳುತ್ತದೆ. ಅವರೂ ಕಮಿಷನ್ ಮೇಲೆ ಬದುಕುವವರು, ಒಂದು ದಿನದ ಓಡಾಟಕ್ಕೆ ಎಷ್ಟಾಗುತ್ತದೆ ಎಂದು ಅವರ ಚಪ್ಪಲಿಗೂ ಗೊತ್ತು.

ಆ ರಾತ್ರಿಯ ಪುಟವೇ ಇವತ್ತಿನ ನಮ್ಮ ದರಪಟ್ಟಿ. ಕಾಡಿನ ದಿನಕ್ಕೆ ಈಗ ಕೂಲಿ ಇದೆ, ಕಾಡಿಗೆ ಹೋಗಲಾಗದ ದೊಡ್ಡಮ್ಮನಂಥವರಿಗೆ ಅಡಿ ಹಾಕುವ ಕೂಲಿ ಬೇರೆ. ದರ ಏರಿಸಿದಾಗ ಕೆಲವು ಅಂಗಡಿಗಳು ನಮ್ಮನ್ನು ಬಿಟ್ಟವು, ಕೆಲವು ಮರಳಿ ಬಂದವು, ಬಾರದವರಿಗೂ ಒಳ್ಳೆಯದಾಗಲಿ. ಬಿದಿರು, ಬೆತ್ತದಂಥ ಕಿರು ಅರಣ್ಯ ಉತ್ಪನ್ನಗಳನ್ನು ತರುವ ಹಕ್ಕನ್ನು 2006ರ ಅರಣ್ಯ ಹಕ್ಕು ಕಾಯ್ದೆ ನಮ್ಮಂಥ ಬುಡಕಟ್ಟಿನವರಿಗೆ ಕೊಟ್ಟಿದೆ ಎಂದು ತಿಳಿಸಿ, ಅದರ ಕನ್ನಡ ಪ್ರತಿಯನ್ನು ಕೈಗಿತ್ತ ವಕೀಲರಿಗೂ ವಂದನೆ. ಕಾಡಿಗೆ ಹೋಗುವವರ ಚೀಲದಲ್ಲಿ ಕತ್ತಿಯ ಜೊತೆ ಈಗ ಅದೂ ಇರುತ್ತದೆ.

ಈ ಬರಹ ಓದಿದರೆ ಅಕ್ಕ ಬಯ್ಯುತ್ತಾರೆ. ಬಯ್ಯಲಿ.

ಕೊನೆಗೆ ವ್ಯಾಪಾರದ ಮಾತು. ಮಳೆಗಾಲದಲ್ಲಿ ಬುಟ್ಟಿ ಒಣಗುವುದಿಲ್ಲ, ಹಾಗಾಗಿ ಚೌತಿಗೂ ದೀಪಾವಳಿಗೂ ಬೇಕಾದವರು ಮೇ ತಿಂಗಳೊಳಗೆ ಹೇಳಿ. ಕಾಲು ಭಾಗ ಮುಂಗಡ. ಚೌಕಾಸಿ ಮಾಡಲೇಬೇಕು ಎನ್ನುವವರು ಸಂಜೆ ಐದರ ಮೇಲೆ ಬನ್ನಿ, ಆ ಹೊತ್ತಿಗೆ ಪಿಗ್ಮಿ ಅಕ್ಕ ಇಲ್ಲೇ ಇರುತ್ತಾರೆ, ಲೆಕ್ಕ ಅವರೇ ತೋರಿಸುತ್ತಾರೆ.