ಮಲ್ಲುವಿನ ಮೊಣಕಾಲು

ಮ್ಯಾಂಚೆಸ್ಟರ್, ಭಾನುವಾರ

ಪ್ರೀತಿಯ ಅವ್ವಾ,

ನಮಸ್ಕಾರ. ನಾನು ಆರಾಮಿದ್ದೇನೆ. ಅಪ್ಪ, ಕಾಕಾ ಎಲ್ಲರಿಗೂ ನಮಸ್ಕಾರ ಹೇಳು.

ನಿನ್ನ ಪತ್ರ ನಿನ್ನೆ ಬಂತು. ಮಲ್ಲು ಕಬಡ್ಡಿ ಆಡುವಾಗ ಕಾಲು ತಿರುಚಿ ಬಿದ್ದ, ಒಳಗೆ ಟಪ್ ಅಂತು, ಸ್ವಲ್ಪ ಹೊತ್ತಿಗೇ ಮೊಣಕಾಲು ಊದಿಕೊಂಡಿತು ಅಂತ ಓದಿ ರಾತ್ರಿ ನಿದ್ದೆ ಬರಲಿಲ್ಲ. ಎಕ್ಸ್‌ರೇಯಲ್ಲಿ ಏನೂ ಇಲ್ಲ, ಮತ್ತೆ ಎಂಆರ್‌ಐ ಯಾಕೆ ಅಂತ ಕೇಳಿದ್ದೀಯ. ಅವ್ವಾ, ಎಕ್ಸ್‌ರೇಗೆ ಕಾಣೋದು ಎಲುಬು. ಎಂಆರ್‌ಐ ಅಂದರೆ ದೊಡ್ಡ ಅಯಸ್ಕಾಂತದಿಂದ ಒಳಗಿನ ಮೆತ್ತನೆ ಭಾಗಗಳ ಚಿತ್ರವನ್ನೂ ತೆಗೆಯುವ ಸ್ಕ್ಯಾನ್. ಕೊಡದ ಕೆಳಗೆ ಸಿಂಬಿ ಇಟ್ಟುಕೊಳ್ತೀಯಲ್ಲ, ಹಾಗೆ ತೊಡೆ ಎಲುಬಿನ ಕೆಳಗೆ ಎರಡು ಮೆತ್ತನೆ ಸಿಂಬಿ ಇವೆ, ಅವೇ ಮೆನಿಸ್ಕಸ್. ನಡುವೆ ಕತ್ತರಿ ಹಾಕಿದಂತೆ ಎರಡು ಹಗ್ಗ, ಅವು ಲಿಗಮೆಂಟು. ಎಂಆರ್‌ಐನಲ್ಲಿ ಇವೆಲ್ಲ ಕಪ್ಪಾಗಿ ಕಾಣಬೇಕು. ಸಿಂಬಿ ಹರಿದಿದ್ದರೆ ಕಪ್ಪಿನೊಳಗೆ ಬಿಳಿ ಗೆರೆ ಅಂಚಿನ ತನಕ ಬರುತ್ತದೆ. ದಿನಾ ನೋಡ್ತೀನಿ ನಾನು. ಟಪ್ ಅಂದದ್ದು, ಬೇಗ ಊದಿದ್ದು ನೋಡಿದರೆ ಮುಂದಿನ ಹಗ್ಗದ ಮೇಲೇ ನನಗೆ ಅನುಮಾನ.

ಎಲುಬು ಕೂರಿಸುವವರ ಹತ್ತಿರ ಮಾತ್ರ ಕರೆದೊಯ್ಯಬೇಡ. ಹರಿದ ಚೂರು ಸಿಕ್ಕಿಕೊಂಡೇ ಕಾಲು ನೆಟ್ಟಗಾಗದಿದ್ದರೆ, ಎಳೆದು ತಿಕ್ಕಿದರೆ ಇನ್ನೂ ಹಾಳು.

ಈಗ ಮುಖ್ಯ ಮಾತು. ಹೋದ ವರ್ಷ ಗ್ರಿಲ್ ಅಂಗಡಿಯಲ್ಲಿ ಮಲ್ಲುವಿನ ಕಣ್ಣಿಗೆ ಕಬ್ಬಿಣದ ಕಿಡಿ ಬಿದ್ದಿತ್ತಲ್ವಾ? ಅದನ್ನು ಸ್ಕ್ಯಾನ್ ಮಾಡುವವರಿಗೆ ಮೊದಲು ಹೇಳಿ. ಚೂರು ಒಳಗೇ ಉಳಿದಿದ್ದರೆ ಅಯಸ್ಕಾಂತ ಅದನ್ನು ಎಳೆದು ಕಣ್ಣೇ ಹೋಗಬಹುದು. ಮೊದಲು ಕಣ್ಣಿನ ಎಕ್ಸ್‌ರೇ ತೆಗೆಯುತ್ತಾರೆ. ಅವನು ನಾಚಿಕೊಂಡು ಮುಚ್ಚಿಡ್ತಾನೆ, ನೀನೇ ಹೇಳು. ಉಡದಾರ, ಮೊಬೈಲು ಹೊರಗೆ. ಲಿಂಗದ ಕರಡಿಗೆಯನ್ನೂ ಬಿಚ್ಚಬೇಕು. ಅವನ ಕೈಯಿಂದ ನೀನು ತೆಗೆದುಕೊಂಡು ಸೆರಗಿನಲ್ಲಿ ಇಟ್ಟುಕೋ, ಸ್ಕ್ಯಾನ್ ಮುಗಿದ ಕೂಡಲೇ ಕೊಡು. ಸುಮ್ನೆ ಮನಸ್ಸಿಗೆ ಹಚ್ಚಿಕೊಳ್ಳಬೇಡ.

ಹೆದರಬೇಡ. ಎಕ್ಸ್‌ರೇ ಕಿರಣ ಇದರಲ್ಲಿಲ್ಲ. ನಮ್ಮ ಮಷಿನ್ 1.5 ಟೆಸ್ಲಾ, ಭೂಮಿಯ ಅಯಸ್ಕಾಂತಕ್ಕಿಂತ ಸುಮಾರು 30,000 ಪಟ್ಟು. ಆದರೂ ಮೈಗೆ ಏನೂ ಗೊತ್ತಾಗಲ್ಲ. ಕಾಲು ಮುಂದಾಗಿ ಒಳಗೆ ಹೋಗ್ತಾನೆ. ಅರ್ಧ ಗಂಟೆ ಅಲುಗಾಡಬಾರದು. ಸದ್ದು ಮಾತ್ರ ಶಹಾಬಾದ್ ಫರಸಿ ಕೊಯ್ಯುವ ಮಷಿನ್ ಪಕ್ಕ ಮಲಗಿದಂತೆ! ಇಲ್ಲಿ ನಾವು ಹೆಡ್‌ಫೋನ್ ಹಾಕಿ ಯಾವ ಹಾಡು ಬೇಕು ಅಂತ ಕೇಳ್ತೀವಿ. ಮೊನ್ನೆ 80 ದಾಟಿದ ಅಜ್ಜಿ ಒಬ್ಬಳೇ ಬಸ್ಸಿನಲ್ಲಿ ಬಂದು ಸ್ಕ್ಯಾನ್ ಮಾಡಿಸಿಕೊಂಡು ಹೋದಳು. ನಮ್ಮ ಕಡೆ ಹಾಗಲ್ಲ, ಮನೆ ಮಂದಿಯೆಲ್ಲ ಬರ್ತೀವಿ. ನನಗೆ ಅದೇ ಇಷ್ಟ.

ರಿಪೋರ್ಟಿನಲ್ಲಿ ಸೀಳು ಅಂತ ಇದ್ದರೆ ಆಪರೇಷನ್ನೇ ಅಂತಲ್ಲ. ಸಿಂಬಿಯ ಹೊರ ಅಂಚಿಗೆ ರಕ್ತ ಹರಿಯುತ್ತದೆ, ಅಲ್ಲಿನ ಸಣ್ಣ ಸೀಳು ಕೂಡಿಕೊಳ್ಳಬಹುದು. ಫೋಟೋ ತೆಗೆದು ನನಗೆ ಕಳಿಸು. ದುಡ್ಡು ಹಾಕಿದ್ದೇನೆ, ಅಪ್ಪ ಯಾರ ಹತ್ತಿರವೂ ಕೇಳುವುದು ಬೇಡ.

ಏನೂ ಆಗಲ್ಲ ಅವ್ವಾ, ಖಂಡಿತ ಏನೂ ಆಗಲ್ಲ. ನನ್ನ ಚಿಂತೆ ಬೇಡ, ರೊಟ್ಟಿ ಬಡಿಯೋದು ಇಲ್ಲಿಯೂ ಬಿಟ್ಟಿಲ್ಲ. ಬಸ್ಸಿನ ಹೊತ್ತಾಯಿತು. ಕಣ್ಣಿನ ವಿಷಯ ಮರೀಬೇಡ.

ನಿನ್ನ,
ಸುಮಾ