ಶಾಸಕರೇ, ಏನೇನು ಸೋರಿದೆ ಅಂತ ಒಂದು ಚೀಟಿ ಕೊಡಿಸಿ ಸಾಕು

ಮಾನ್ಯ ಶಾಸಕರೇ,

ನಮಸ್ಕಾರ. ನಿಮ್ಮ ಕಚೇರಿಗೆ ಕೊಟ್ಟ ಮನವಿಗೆ ಸೀಲು ಬಿತ್ತು, ಉತ್ತರ ಬರಲಿಲ್ಲ. ಅದಕ್ಕೇ ನಾಲ್ಕು ಜನ ಓದುವ ಹಾಗೆ ಬರೆಯುತ್ತಿದ್ದೇನೆ. ಕೇಳುವುದು ಒಂದೇ. ನಮ್ಮ ಮಕ್ಕಳ ಶಾಲೆಯ ಆ್ಯಪ್‌ನಿಂದ ಯಾವ ಯಾವ ಮಾಹಿತಿ ಹೊರಗೆ ಹೋಗಿದೆ ಎಂದು ಪ್ರತಿ ಪೋಷಕರಿಗೂ ಬರವಣಿಗೆಯಲ್ಲಿ ಕೊಡಿಸಿ. ದಿನಾಂಕ, ಸಹಿ, ಶಾಲೆಯ ಸೀಲು ಇರಲಿ.

ಯಾವ ಆ್ಯಪ್ ಅಂತ ನಿಮಗೆ ಹೇಳಬೇಕಾಗಿಲ್ಲ. ವಾರ್ಷಿಕೋತ್ಸವದ ದಿನ ವೇದಿಕೆ ಮೇಲೆ ಅದರ ಬಟನ್ ಒತ್ತಿದವರು ನೀವೇ. ಆಮೇಲೆ ಅರ್ಧ ಗಂಟೆ ಡಿಜಿಟಲ್ ಇಂಡಿಯಾ ಬಗ್ಗೆ ಭಾಷಣವೂ ಆಯಿತು, ಮಕ್ಕಳು ಬಿಸಿಲಲ್ಲಿ ಕೂತು ಕೇಳಿದರು.

ಆ ಆ್ಯಪ್‌ಗೆ ನಾವು ತುಂಬಿಸಿದ್ದು ಕಡಿಮೆಯೇನಲ್ಲ. ಮಗಳ ಹುಟ್ಟಿದ ದಿನ, ಫೋಟೋ, ಸ್ಯಾಟ್ಸ್ ನಂಬರು (ಶಿಕ್ಷಣ ಇಲಾಖೆ ಪ್ರತಿ ವಿದ್ಯಾರ್ಥಿಗೂ ಕೊಡುವ ಸಂಖ್ಯೆ), ಜಾತಿ ಮತ್ತು ಆದಾಯ ಪತ್ರ, ನಮ್ಮಿಬ್ಬರ ಫೋನು, ವ್ಯಾನ್ ಹತ್ತುವ ಜಾಗ, ರಕ್ತದ ಗುಂಪು, 'ಯಾವುದಾದರೂ ಕಾಯಿಲೆ ಇದೆಯೇ' ಎಂಬ ಕಾಲಂ. ಆಧಾರ್ ಕೂಡ. ಶಾಲೆಗೆ ಸೇರಿಸಲು ಆಧಾರ್ ಕಡ್ಡಾಯ ಅಲ್ಲ ಎಂದು ಸುಪ್ರೀಂ ಕೋರ್ಟ್ 2018ರಲ್ಲೇ ಹೇಳಿದ್ದು ನಿಮಗೆ ಗೊತ್ತಿರುತ್ತದೆ. ಕೌಂಟರ್‌ನಲ್ಲಿ ಅದನ್ನು ಹೇಳಿ ನೋಡಿ. 'ಅದಿಲ್ಲದೆ ಸಿಸ್ಟಮ್ ತಗೊಳ್ಳಲ್ಲ ಸರ್' ಎನ್ನುತ್ತಾರೆ, ಹಿಂದೆ ಕ್ಯೂನಲ್ಲಿ ನಿಂತವರು ನಮ್ಮನ್ನೇ ದುರುಗುಟ್ಟಿ ನೋಡುತ್ತಾರೆ.

ಮೊದಲು ಶುರುವಾಗಿದ್ದು ಫೋನ್ ಕಾಲುಗಳು, ಕೋಚಿಂಗ್ ಸೆಂಟರ್‌ಗಳಿಂದ. ಮಗಳ ಹೆಸರು, ಸೆಕ್ಷನ್, ಕಿರು ಪರೀಕ್ಷೆಯಲ್ಲಿ ಗಣಿತಕ್ಕೆ ಬಂದ ಅಂಕ, ಎಲ್ಲ ಅವರ ಬಾಯಲ್ಲಿ. ಅದನ್ನು ಹೇಗೋ ಸಹಿಸಿಕೊಂಡೆವು, ಈ ಕಾಲದಲ್ಲಿ ಯಾರ ನಂಬರ್ ಯಾರ ಹತ್ತಿರ ಇಲ್ಲ ಹೇಳಿ. ದಸರಾ ರಜೆ ಮುಗಿದ ಮೇಲೆ ನನ್ನ ಹೆಂಡತಿಗೆ ಬಂದ ಕಾಲು ಮಾತ್ರ ಬೇರೆಯೇ. ಸ್ವಚ್ಛ ಕನ್ನಡದಲ್ಲಿ ಮಾತಾಡಿದ. 'ಮೇಡಂ, ಸ್ಕೂಲಿಂದ ಮಾತಾಡ್ತಿರೋದು. ನಿಮ್ಮ ಮಗಳಿಗೆ ಪಿಟಿ ಪೀರಿಯಡ್‌ನಲ್ಲಿ ಉಬ್ಬಸ ಜಾಸ್ತಿ ಆಗಿ ಬಿದ್ದುಬಿಟ್ಟಳು. ಇನ್ಹೇಲರ್ ಕೊಟ್ವಿ, ಆಗಲಿಲ್ಲ. ಆಸ್ಪತ್ರೆಯಲ್ಲಿದ್ದೀವಿ. ಬ್ಲಡ್ ಗ್ರೂಪ್ ಓ ನೆಗೆಟಿವ್ ಅಲ್ವಾ? ಅಡ್ವಾನ್ಸ್ ಕಟ್ಟದೆ ಇವರು ಒಳಗೆ ಕರ್ಕೊಳ್ತಿಲ್ಲ.' ಕ್ಲಾಸ್ ಟೀಚರ್ ಹೆಸರನ್ನೂ ಹೇಳಿದ. ಹಿಂದೆ ಯಾರೋ ಮಗು ಅಳುವ ಸದ್ದು ಬೇರೆ.

ಮಗಳಿಗೆ ಉಬ್ಬಸ ಇರುವುದು ನಮ್ಮ ಬೀದಿಯವರಿಗೂ ಗೊತ್ತಿಲ್ಲ ಶಾಸಕರೇ. ಗೊತ್ತಿರುವುದು ನಮ್ಮ ಡಾಕ್ಟರಿಗೆ ಮತ್ತು ಆ ಆ್ಯಪ್‌ಗೆ. ಕ್ಲಾಸ್ ಟೀಚರ್ ಹೆಸರು ಡಾಕ್ಟರಿಗೆ ಗೊತ್ತಿಲ್ಲ.

ಅವಳು 38,000 ರೂಪಾಯಿ ಕಳಿಸಿದಳು. ಯಾವ ತಾಯಿ ಕಳಿಸುವುದಿಲ್ಲ? ಆಮೇಲೆ ಚಪ್ಪಲಿ ಹಾಕದೆ ಆಟೋ ಹತ್ತಿ ಆಸ್ಪತ್ರೆಗೆ ಓಡಿದಳು, ಅಲ್ಲಿ ಆ ಹೆಸರಿನ ಮಗುವೇ ಇರಲಿಲ್ಲ. ಮಗಳು ಆ ಹೊತ್ತಿಗೆ ವಿಜ್ಞಾನದ ಲ್ಯಾಬ್‌ನಲ್ಲಿ ಈರುಳ್ಳಿ ಸಿಪ್ಪೆಯನ್ನು ಸೂಕ್ಷ್ಮದರ್ಶಕದಲ್ಲಿ ನೋಡುತ್ತಿದ್ದಳಂತೆ.

ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕೂಡಲೇ ಫೋನ್ ಮಾಡಿದ್ದರಿಂದ ಸ್ವಲ್ಪ ದುಡ್ಡು ಬ್ಯಾಂಕಿನಲ್ಲೇ ತಡೆಯಾಯಿತು. ಠಾಣೆಯವರೂ ಪಾಪ ಮರ್ಯಾದೆಯಿಂದಲೇ ಮಾತಾಡಿದರು. 'ದುಡ್ಡಿನ ಕೇಸ್ ಹಾಕ್ತೀವಿ ಸರ್. ಮಾಹಿತಿ ಎಲ್ಲಿಂದ ಸೋರಿತು ಅಂತ ಶಾಲೆಯವರು ಬರೆದುಕೊಡಲಿ, ನೋಡೋಣ' ಅಂದರು. ಶಾಲೆಯವರು ಸಾಫ್ಟ್‌ವೇರ್ ಕಂಪನಿ ಕಡೆ ಕೈ ತೋರಿಸಿದರು. ಕಂಪನಿಯಿಂದ ಒಂದು ಮೇಲ್ ಬಂತು, ನಿಮ್ಮ ದೂರನ್ನು ಬಗೆಹರಿಸಲಾಗಿದೆ, ನಮ್ಮ ಸೇವೆಗೆ ಎಷ್ಟು ಸ್ಟಾರ್ ಕೊಡುತ್ತೀರಿ ಎಂದು. ಇಲಾಖೆಯ ಕಚೇರಿಯಲ್ಲಿ 'ಅದು ಅನುದಾನ ರಹಿತ ಶಾಲೆ, ನಮ್ಮ ಕೈಲಿ ಏನಿದೆ' ಎಂಬ ಮಾತು. ಮಾನ್ಯತೆ ನವೀಕರಣದ ಹೊತ್ತಿಗೆ ಇದೇ ಇಲಾಖೆಯ ಕೈಲಿ ಎಲ್ಲವೂ ಇರುತ್ತದೆ. ಕಟ್ಟಡ ಸುರಕ್ಷತೆಯ ಪತ್ರ ತನ್ನಿ, ಬೆಂಕಿ ಸುರಕ್ಷತೆಯ ಪತ್ರ ತನ್ನಿ ಅಂತ ಕೇಳುತ್ತಾರೆ, ಕೇಳಬೇಕಾದ್ದೇ. ಮಕ್ಕಳ ಮಾಹಿತಿ ಎಲ್ಲಿಟ್ಟಿದ್ದೀರಿ ಅಂತ ಮಾತ್ರ ಕೇಳುವುದಿಲ್ಲ.

ಕೊನೆಗೆ ಶಾಲೆಯಿಂದ ಒಂದು ಸುತ್ತೋಲೆ ಬಂತು. ಅದೇ ಆ್ಯಪ್‌ನಲ್ಲಿ! 'ಅನಿವಾರ್ಯ ತಾಂತ್ರಿಕ ಕಾರಣಗಳಿಂದ ಎಲ್ಲ ಪೋಷಕರು ತಮ್ಮ ಪಾಸ್‌ವರ್ಡ್ ಬದಲಿಸಿಕೊಳ್ಳತಕ್ಕದ್ದು.' ಅದರ ಕೆಳಗೇ ಎರಡನೇ ಕಂತಿನ ಫೀಸ್ ಕಟ್ಟಲು ಕೊನೆಯ ದಿನಾಂಕ, ಕೆಂಪಕ್ಷರದಲ್ಲಿ. ಹಳೆಯ ಪಾಸ್‌ವರ್ಡ್ ಏನಿತ್ತು ಗೊತ್ತಾ? ಮಗುವಿನ ಹುಟ್ಟಿದ ದಿನ. ಇಟ್ಟವರು ನಾವಲ್ಲ, ಶಾಲೆಯವರೇ, ಎಲ್ಲ ಮಕ್ಕಳಿಗೂ. ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದರಂತೆ. 'ಸೋರಿಕೆ' ಎಂಬ ಪದ ಆ ಸುತ್ತೋಲೆಯಲ್ಲಿ ಎಲ್ಲೂ ಇಲ್ಲ. ಅದಕ್ಕೇ ಕೇಳುತ್ತಿರುವುದು, ಏನು ಸೋರಿದೆ ಅಂತ ಬರೆದುಕೊಡಿಸಿ.

'ಕೋರ್ಟಿಗೆ ಹೋಗಿ' ಎಂದು ನಿಮ್ಮ ಆಪ್ತ ಸಹಾಯಕರು ಸುಲಭವಾಗಿ ಹೇಳಿಬಿಟ್ಟರು. ಹೋಗುವ ದಾರಿ ಹೇಗಿದೆ ನೋಡಿ. ಕಾನೂನು ಮಾಡುವ ಮನೆಯಲ್ಲಿ ಕೂರುವವರು ನೀವು, ನಾನು ಹೇಳಿಕೊಡಬೇಕಾಗಿಲ್ಲ, ಆದರೂ ಹೇಳುತ್ತೇನೆ.

ಮಾಹಿತಿ ತಂತ್ರಜ್ಞಾನ (ಐಟಿ) ಕಾಯ್ದೆಯ 43ಎ ಎಂಬ ಕಲಂ ಇದೆ. ಮಾಹಿತಿ ಕಾಯುವುದರಲ್ಲಿ ಕಂಪನಿ ಅಜಾಗರೂಕತೆ ತೋರಿ ನಮಗೆ ನಷ್ಟವಾದರೆ ಪರಿಹಾರ ಕೇಳಬಹುದು. 5 ಕೋಟಿವರೆಗಿನ ದೂರನ್ನು ಕೇಳುವ ಅಧಿಕಾರ ರಾಜ್ಯದ ಐಟಿ ಇಲಾಖೆಯ ಕಾರ್ಯದರ್ಶಿಗೇ ಇದೆ. ನಿಮ್ಮ ಕ್ಷೇತ್ರದಲ್ಲಿ ಎಷ್ಟು ಜನ ಅಪ್ಪ ಅಮ್ಮಂದಿರಿಗೆ ಇದು ಗೊತ್ತು? ಆದರೆ ಆ ಕಲಂ ಕಾಯುವುದು 'ಸೂಕ್ಷ್ಮ' ಮಾಹಿತಿಯನ್ನು ಮಾತ್ರ. 2011ರ ನಿಯಮದ ಪಟ್ಟಿಯಲ್ಲಿ ಪಾಸ್‌ವರ್ಡ್, ಬ್ಯಾಂಕ್ ವಿವರ, ಬೆರಳಚ್ಚಿನಂಥವು, ಆರೋಗ್ಯದ ವಿವರ ಎಲ್ಲ ಇವೆ. ಮಗುವಿನ ಹೆಸರು, ವಿಳಾಸ, ಫೋನು, ಅಂಕ, ಜಾತಿ ಇಲ್ಲ. ನನಗೆ ಗೊತ್ತಿರುವ ವಕೀಲರೊಬ್ಬರು ಎಲ್ಲ ಕೇಳಿಸಿಕೊಂಡು, 'ಆ ಉಬ್ಬಸ ಒಂದೇ ರೀ ನಿಮ್ಮ ಕೈಲಿರೋದು' ಅಂದರು. ನನ್ನ ಮಗಳ ಕಾಯಿಲೆಯೇ ನಮ್ಮ ಕೇಸಿಗೆ ಆಧಾರ! ಕಾಯಿಲೆ ಇಲ್ಲದ ಮಕ್ಕಳ ಪೋಷಕರಿಗೆ ಅದೂ ಇಲ್ಲ. ಟ್ರಸ್ಟ್ ನಡೆಸುವ ಶಾಲೆ ಈ ಕಲಂನ ಲೆಕ್ಕದಲ್ಲಿ ಕಂಪನಿಯೋ ಅಲ್ಲವೋ ಎನ್ನುವುದು ಇನ್ನೊಂದು ಜಗಳ. ಇಷ್ಟೆಲ್ಲ ದಾಟಿದರೂ ಅಲ್ಲಿ ಕೇಳುವ ಮೊದಲ ಪ್ರಶ್ನೆ, ಆ ಮಾಹಿತಿ ಇವರಿಂದಲೇ ಸೋರಿದೆ ಎನ್ನುವುದಕ್ಕೆ ಏನು ದಾಖಲೆ? ಚೀಟಿ ಎಲ್ಲಿ?

ಗ್ರಾಹಕರ ಆಯೋಗ ಎನ್ನುತ್ತಾರೆ ಕೆಲವರು. ಶಿಕ್ಷಣ 'ಸೇವೆ' ಹೌದೋ ಅಲ್ಲವೋ ಎಂಬ ವಾದ ಸುಪ್ರೀಂ ಕೋರ್ಟ್ ತನಕ ಹೋಗಿರುವ ವಿಷಯ, ಅದರಲ್ಲಿ ನಾನು ತಲೆ ಹಾಕುವುದಿಲ್ಲ.

ಹೊಸ ಕಾನೂನು ಬಂದಿದೆಯಲ್ಲ ಎನ್ನುತ್ತೀರಿ. ಬಂದಿದೆ. 2023ರಲ್ಲಿ ಡಿಜಿಟಲ್ ವೈಯಕ್ತಿಕ ಮಾಹಿತಿ ರಕ್ಷಣೆ ಕಾಯ್ದೆ ಆಯಿತು, ನಿಯಮ ಹೊರಡಿಸಲು 2025ರ ನವೆಂಬರ್ ಬೇಕಾಯಿತು. ಮಾಹಿತಿ ಸೋರಿದರೆ ತಡ ಮಾಡದೆ ಪ್ರತಿಯೊಬ್ಬರಿಗೂ ತಿಳಿಸಬೇಕು, 72 ಗಂಟೆಯೊಳಗೆ ಆ ಕಾಯ್ದೆಯ ಮಾಹಿತಿ ರಕ್ಷಣಾ ಮಂಡಳಿಗೆ ಪೂರ್ತಿ ವಿವರ ಕೊಡಬೇಕು, ಕೊಡದಿದ್ದರೆ 200 ಕೋಟಿವರೆಗೆ ದಂಡ. ಓದಿದರೆ ಹೊಟ್ಟೆ ತುಂಬುತ್ತದೆ. ಆದರೆ ಈ ಭಾಗ ಜಾರಿಯಾಗುವುದು ನಿಯಮ ಬಂದು 18 ತಿಂಗಳಾದ ಮೇಲೆ, ಅಂದರೆ 2027ರ ಮೇ ಹೊತ್ತಿಗೆ. ಈಗ ಒಂಬತ್ತನೇ ಕ್ಲಾಸಿನಲ್ಲಿರುವ ನನ್ನ ಮಗಳು ಅಷ್ಟರಲ್ಲಿ ಎಸ್ಸೆಸ್ಸೆಲ್ಸಿ ಬರೆದು ಆ ಶಾಲೆಯನ್ನೇ ಬಿಟ್ಟಿರುತ್ತಾಳೆ. ಇನ್ನೂ ಒಂದಿದೆ. ಆ ದಂಡದ ದುಡ್ಡು ಹೋಗುವುದು ಭಾರತದ ಸಂಚಿತ ನಿಧಿಗೆ, ಅಂದರೆ ಕೇಂದ್ರ ಸರ್ಕಾರದ ಖಜಾನೆಗೆ. ನಮಗೆ ಒಂದು ರೂಪಾಯಿಯೂ ಇಲ್ಲ. ಹೊಸದು ಪೂರ್ತಿ ಜಾರಿಯಾದ ದಿನವೇ ಹಳೆಯ 43ಎ ಕಲಂ ರದ್ದಾಗುತ್ತದೆ, ಅಲ್ಲಿಗೆ ಇದ್ದ ಒಂದು ಪರಿಹಾರದ ದಾರಿಯೂ ಮುಚ್ಚಿತು. ಮತ್ತೆ ಸುಳ್ಳು ದೂರು, ಸುಮ್ನೆ ದೂರು ಕೊಟ್ಟರೆ ನಮಗೇ 10,000 ರೂಪಾಯಿವರೆಗೆ ದಂಡ! ಯಾರನ್ನು ಯಾರಿಂದ ಕಾಪಾಡುವ ಕಾನೂನು ಇದು?

ಖಾಸಗಿತನ ಮೂಲಭೂತ ಹಕ್ಕು ಎಂದು 2017ರಲ್ಲಿ ತೀರ್ಪು ಬಂದ ಆ ಕೇಸನ್ನು ಹಾಕಿದವರು ನಮ್ಮದೇ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು. ವಯಸ್ಸು 80 ದಾಟಿದ ಮೇಲೆ ದೆಹಲಿಯ ಕೋರ್ಟಿಗೆ ಹೋದರು. ನಿಮಗೆ ದೆಹಲಿಗೆ ಹೋಗಿ ಎನ್ನುತ್ತಿಲ್ಲ, ವಿಧಾನಸೌಧಕ್ಕೆ ಹೋಗಿ ಸಾಕು.

ನನ್ನ ತಂಗಿ ಅಮೆರಿಕದ ನಾರ್ತ್ ಕ್ಯಾರೊಲಿನಾದಲ್ಲಿದ್ದಾಳೆ. 2024ರ ಡಿಸೆಂಬರ್‌ನಲ್ಲಿ ಅಲ್ಲಿನ ಶಾಲೆಗಳು ಬಳಸುವ ಪವರ್‌ಸ್ಕೂಲ್ ಎಂಬ ಸಾಫ್ಟ್‌ವೇರ್‌ಗೆ ಕಳ್ಳ ನುಗ್ಗಿದ್ದ. ಕೋಟಿಗಟ್ಟಲೆ ಮಕ್ಕಳ ಮಾಹಿತಿ ಹೋಯಿತು. ಅಲ್ಲೇನೂ ರಾಮರಾಜ್ಯ ಇಲ್ಲ, ಕಂಪನಿ ಕಳ್ಳರಿಗೆ ದುಡ್ಡು ಕೊಟ್ಟು ಬಾಯಿ ಮುಚ್ಚಿಸಲು ನೋಡಿತು, ಆಮೇಲೂ ಶಾಲೆಗಳಿಗೆ ಬೆದರಿಕೆ ಬಂತು. ಆದರೆ ಪೋಷಕರಿಗೆ ನೋಟಿಸ್ ಹೋಯಿತು. ಆ ಮಾಹಿತಿಯನ್ನು ಯಾರಾದರೂ ದುರ್ಬಳಕೆ ಮಾಡುತ್ತಾರಾ ಎಂದು ನೋಡಿಕೊಳ್ಳುವ ಕಾವಲು ಸೇವೆಯನ್ನು ಎರಡು ವರ್ಷ ಪುಕ್ಕಟೆ ಕೊಡುತ್ತೇವೆ ಅಂದರು. ಆ ನೋಟಿಸ್ ಹಿಡಿದು ಜನ ಗುಂಪುಗುಂಪಾಗಿ ಕೇಸ್ ಹಾಕಿದರು, ಟೆಕ್ಸಾಸ್ ರಾಜ್ಯದ ಅಟಾರ್ನಿ ಜನರಲ್ ಕಂಪನಿಯನ್ನೇ ಕೋರ್ಟಿಗೆ ಎಳೆದರು. ನುಗ್ಗಿದವನು 19 ವರ್ಷದ ಕಾಲೇಜು ಹುಡುಗ, 4 ವರ್ಷ ಜೈಲಾಯಿತು. ಎಲ್ಲಕ್ಕೂ ಮೊದಲು ಬೇಕಾಗಿದ್ದು ಏನು ಹೋಗಿದೆ ಎಂಬ ಆ ಒಂದು ಕಾಗದ.

ನಮ್ಮಲ್ಲೂ ಹೊಸದೇನಲ್ಲ. ಕೇಂದ್ರ ಶಿಕ್ಷಣ ಸಚಿವಾಲಯದ ದೀಕ್ಷಾ ಆ್ಯಪ್‌ನ ಲಕ್ಷಾಂತರ ಶಿಕ್ಷಕರ, ಮಕ್ಕಳ ವಿವರ ಬೀಗವಿಲ್ಲದ ಸರ್ವರ್‌ನಲ್ಲಿ ಬಿದ್ದಿತ್ತು ಎಂದು 2023ರ ಜನವರಿಯಲ್ಲಿ ಸುದ್ದಿಯಾಯಿತು. ಎಷ್ಟು ಮನೆಗೆ ಕಾಗದ ಬಂತು, ನೀವೇ ವಿಚಾರಿಸಿ ಹೇಳಿ.

ಹಾಗಾಗಿ ಮತ್ತೆ ಹೇಳುತ್ತೇನೆ. 2027ರವರೆಗೆ ಕಾಯಬೇಕಿಲ್ಲ, ಹೊಸ ಕಾನೂನೂ ಬೇಕಿಲ್ಲ. ಮಾಹಿತಿ ಸೋರಿದ ಶಾಲೆ ಏನು ಸೋರಿದೆ, ಯಾವತ್ತು, ಯಾರ ಕೈಯಿಂದ ಎಂದು ಪೋಷಕರಿಗೆ ಬರೆದುಕೊಡಬೇಕು, ಕೊಡದಿದ್ದರೆ ಮಾನ್ಯತೆ ನವೀಕರಣ ಇಲ್ಲ ಎಂದು ಶಿಕ್ಷಣ ಇಲಾಖೆಯಿಂದ ಒಂದು ಆದೇಶ ಮಾಡಿಸಿ. ಇಲಾಖೆ ಜಗ್ಗದಿದ್ದರೆ ಮುಂದಿನ ಅಧಿವೇಶನದಲ್ಲಿ ಒಂದು ಚುಕ್ಕೆ ಗುರುತಿನ ಪ್ರಶ್ನೆ ಕೇಳಿ, ಸಚಿವರು ಸದನದಲ್ಲೇ ಉತ್ತರಿಸಲಿ. ನಿಮ್ಮ ಕಚೇರಿಯ ಆಪ್ತ ಸಹಾಯಕರಿಗೆ ಪ್ರಶ್ನೆ ಬರೆಯಲು ಪುರುಸೊತ್ತಿಲ್ಲದಿದ್ದರೆ ನಾನೇ ಬರೆದು ತಂದುಕೊಡುತ್ತೇನೆ.

ಮುಂದಿನ ವರ್ಷದ ಅಡ್ಮಿಷನ್ ಫಾರ್ಮ್ ಆಗಲೇ ಆ್ಯಪ್‌ನಲ್ಲಿ ಬಂದಿದೆ. ಈ ಸಲ ಅಜ್ಜ ಅಜ್ಜಿಯ ಫೋನ್ ನಂಬರನ್ನೂ ಕೇಳಿದ್ದಾರೆ. ಕೊನೆಯ ದಿನಾಂಕಕ್ಕೆ ಮೊದಲು ನಮಗೆ ಆ ಚೀಟಿ ಬರಬೇಕು.

ಇಂತಿ,
ನಿಮ್ಮ ಕ್ಷೇತ್ರದ ಮತದಾರ, ಒಂಬತ್ತನೇ ಕ್ಲಾಸಿನ ಹುಡುಗಿಯೊಬ್ಬಳ ಅಪ್ಪ